ಟಿವಿ ಬಿಟ್ಟು ಹೋಗದ ನಿರ್ದೇಶಕ: ಅಲನ್ ಕ್ಲಾರ್ಕ್ ಅವರ ವೃತ್ತಿಜೀವನ

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಧಾರಾವಾಹಿಗಳಿಗೆ ಸಹನಿರ್ದೇಶಕನಾಗಿ ಕೆಲಸ ಮಾಡುತ್ತಿದ್ದೇನೆ. ಇತ್ತೀಚೆಗೆ ಇಂಗ್ಲೆಂಡಿನ ಅಲನ್ ಕ್ಲಾರ್ಕ್ ನಿರ್ದೇಶಿಸಿದ ‘ಎಲಿಫೆಂಟ್’ ನೋಡಿದೆ. ಅದರಲ್ಲಿ ಮಾತು ಇಲ್ಲವೆನ್ನುವಷ್ಟು ಕಡಿಮೆ, ಕಥೆಯಂತೂ ಇಲ್ಲವೇ ಇಲ್ಲ. ಅದು ಸಿನಿಮಾ ಅಲ್ಲ, ಬಿಬಿಸಿಯಲ್ಲಿ ಪ್ರಸಾರವಾದ ಟಿವಿ ಕಾರ್ಯಕ್ರಮ ಎಂದು ಗೊತ್ತಾದಾಗ ಆಶ್ಚರ್ಯವಾಯಿತು. ಬರಹಗಾರರು ಬರೆದುಕೊಟ್ಟದ್ದನ್ನು ವೇಳೆಗೆ ಸರಿಯಾಗಿ ಚಿತ್ರೀಕರಿಸಿ ಕೊಡುವುದೇ ಟಿವಿ ನಿರ್ದೇಶಕರ ಕೆಲಸ ಎಂದು ನಾವು ಕೇಳುತ್ತ ಬಂದಿದ್ದೇವೆ. ಹಾಗಿರುವಾಗ ಇವರಿಗೆ ಇಂಥ ಶೈಲಿ ಬೆಳೆಸಿಕೊಳ್ಳುವ ಅವಕಾಶ ಸಿಕ್ಕಿದ್ದಾದರೂ ಹೇಗೆ? ಅವರ ವೃತ್ತಿಜೀವನದ ಬಗ್ಗೆ ವಿವರವಾಗಿ ತಿಳಿಸುವಿರಾ?

ಉತ್ತರ: ನೀವು ಕೇಳುತ್ತ ಬಂದಿರುವ ಮಾತು ಸುಳ್ಳೇನಲ್ಲ. ಅಲನ್ ಕ್ಲಾರ್ಕ್ ಕೂಡ ತಮ್ಮ ವೃತ್ತಿಜೀವನದ ಮೊದಲ ಹದಿನೈದು ವರ್ಷಗಳಲ್ಲಿ ಬಹುಪಾಲು ಅದನ್ನೇ ಮಾಡಿದರು. ಬೇರೆಯವರು ಬರೆದ ನಾಟಕಗಳನ್ನು, ಬೇರೆಯವರು ಗೊತ್ತುಮಾಡಿದ ಹಣ ಮತ್ತು ವೇಳೆಯೊಳಗೆ ಅಚ್ಚುಕಟ್ಟಾಗಿ ತೆರೆಗೆ ತಂದರು. ಇಂದು ಅವರನ್ನು ಕೊಂಡಾಡುವವರು ಹೆಚ್ಚಾಗಿ ಬಿಬಿಸಿಯ ವಿರುದ್ಧ ಸೆಣಸಿದ ಬಂಡುಕೋರನ ಚಿತ್ರವನ್ನು ಮುಂದಿಡುತ್ತಾರೆ. ಅದರಲ್ಲಿ ಸತ್ಯಾಂಶವಿದೆಯಾದರೂ ‘ಎಲಿಫೆಂಟ್’ ಹುಟ್ಟಿದ ಬಗೆಯನ್ನು ಅದು ವಿವರಿಸುವುದಿಲ್ಲ. ಆ ಸಂಸ್ಥೆಯ ಒಳಗೇ ಇದ್ದು, ಅದರ ಸ್ಟುಡಿಯೋ, ಅದರ ಬರಹಗಾರರು, ಅದರ ವೇಳಾಪಟ್ಟಿ ಇವೆಲ್ಲವನ್ನೂ ಬಳಸಿಕೊಂಡು, ತನಗೆ ಬೇಡವಾದುದನ್ನು ವರ್ಷದಿಂದ ವರ್ಷಕ್ಕೆ ಒಂದೊಂದಾಗಿ ಕೈಬಿಡುತ್ತ ಹೋದ ಕಸುಬುದಾರನೊಬ್ಬ ಕೊನೆಗೆ ತಲುಪಿದ ನೆಲೆ ಅದು ಎಂಬುದು ನನ್ನ ಅಭಿಪ್ರಾಯ.

ಕ್ಲಾರ್ಕ್ ಹುಟ್ಟಿದ್ದು 1935ರ ಅಕ್ಟೋಬರ್ 28ರಂದು, ಲಿವರ್‌ಪೂಲ್ ನಗರದ ಎದುರು ದಡದಲ್ಲಿರುವ ವಾಲಸಿ ಎಂಬ ಊರಿನ ಕಾರ್ಮಿಕ ಕುಟುಂಬದಲ್ಲಿ. ಆ ಕಾಲದ ಯುವಕರಿಗೆ ಕಡ್ಡಾಯವಾಗಿದ್ದ ಸೈನಿಕ ಸೇವೆಯನ್ನು ಹಾಂಗ್‌ಕಾಂಗ್‌ನಲ್ಲಿ ಮುಗಿಸಿದರು. ಬಳಿಕ ಕೆನಡಾಕ್ಕೆ ಹೋಗಿ ಗಣಿಯಲ್ಲಿ ದುಡಿದರು, ಟೊರಾಂಟೋದ ರಯರ್ಸನ್ ಸಂಸ್ಥೆಯಲ್ಲಿ ರೇಡಿಯೋ ಮತ್ತು ಟಿವಿ ಕಲೆಯನ್ನು ಕಲಿತರು. ಬ್ರಿಟನ್ನಿಗೆ ಮರಳಿದ ಮೇಲೆ ಖಾಸಗಿ ಟಿವಿ ಕಂಪನಿಗಳಲ್ಲಿ ಫ್ಲೋರ್‌ನ ಸಹಾಯಕ ಕೆಲಸಗಳಿಂದ ಶುರುಮಾಡಿ ಮೇಲೆ ಬಂದರು. ಅದೇ ಹೊತ್ತಿನಲ್ಲಿ ಲಂಡನ್ನಿನ ಈಲಿಂಗ್‌ನಲ್ಲಿರುವ ಕ್ವೆಸ್ಟರ್ಸ್ ಎಂಬ ಹವ್ಯಾಸಿ ರಂಗಮಂದಿರದಲ್ಲಿ ನಾಟಕಗಳನ್ನೂ ನಿರ್ದೇಶಿಸುತ್ತಿದ್ದರು. ನಟರ ಜತೆ ಅವರು ಕೊನೆಯವರೆಗೂ ಉಳಿಸಿಕೊಂಡ ಸಲುಗೆಯ ಬೇರು ಇಲ್ಲಿದೆ ಎಂದು ಭಾವಿಸಬಹುದು.

ನಿರ್ದೇಶಕರಾಗಿ ಅವರಿಗೆ ಮೊದಲ ಅವಕಾಶಗಳು ದೊರೆತದ್ದು 1967ರಲ್ಲಿ, ರೆಡಿಫ್ಯೂಷನ್ ಕಂಪನಿಯ ‘ಹಾಫ್ ಅವರ್ ಸ್ಟೋರಿ’ ಎಂಬ ಸರಣಿಯಲ್ಲಿ. ಅರ್ಧ ಗಂಟೆಯ ಅವಧಿ, ಎರಡೋ ಮೂರೋ ಪಾತ್ರಗಳು, ಒಂದು ಕೋಣೆಯ ಸೆಟ್. ಇಷ್ಟರಲ್ಲೇ ನಾಟಕ ಮುಗಿಯಬೇಕು. ಅಲನ್ ಓವನ್ ಬರೆದ ‘ಶೆಲ್ಟರ್’, ‘ಜಾರ್ಜಸ್ ರೂಮ್’ ಮುಂತಾದವನ್ನು ಅವರು ಹೀಗೆ ಮಾಡಿದರು. ಇಂಥ ಇಕ್ಕಟ್ಟಿನಲ್ಲಿ ಕ್ಯಾಮೆರಾ ಮುಖದಿಂದ ಎಷ್ಟು ದೂರದಲ್ಲಿರಬೇಕು, ಯಾವ ಕ್ಷಣದಲ್ಲಿ ಕಟ್ ಆಗಬೇಕು ಎಂಬುದನ್ನು ಬಿಟ್ಟರೆ ನಿರ್ದೇಶಕನ ಕೈಯಲ್ಲಿ ಬೇರೆ ಉಪಕರಣವೇ ಇರುವುದಿಲ್ಲ. ಧಾರಾವಾಹಿಯ ಮನೆಯೊಂದರೊಳಗೆ ದಿನವಿಡೀ ಕೆಲಸ ಮಾಡುವ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಬಿಬಿಸಿಗೆ ಅವರು ಕಾಲಿಟ್ಟದ್ದು 1969ರಲ್ಲಿ, ಪೀಟರ್ ಟರ್ಸನ್ ಬರೆದ ರೈಲು ಹುಚ್ಚಿನ ಯುವಕನೊಬ್ಬನ ನಾಟಕದ ಮೂಲಕ. ಅಲ್ಲಿನ ವ್ಯವಸ್ಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಕ್ಲಾರ್ಕ್ ಅವರನ್ನು ರೂಪಿಸಿದ್ದು ಅದೇ. ‘ವೆನ್ಸ್‌ಡೇ ಪ್ಲೇ’ (1964ರಿಂದ 1970) ಮತ್ತು ಅದರ ಮುಂದುವರಿಕೆಯಾದ ‘ಪ್ಲೇ ಫಾರ್ ಟುಡೇ’ (1970ರಿಂದ 1984) ಎಂಬ ಹೆಸರುಗಳ ಅಡಿಯಲ್ಲಿ ಬಿಬಿಸಿ ಬಿಡಿ ನಾಟಕಗಳನ್ನು, ಅಂದರೆ ಒಂದೇ ಪ್ರಸಾರದಲ್ಲಿ ಮುಗಿದುಹೋಗುವ, ಮುಂದಿನ ವಾರಕ್ಕೆ ಪಾತ್ರವನ್ನಾಗಲಿ ಕಥೆಯನ್ನಾಗಲಿ ಉಳಿಸದ ನಾಟಕಗಳನ್ನು ಪ್ರಸಾರ ಮಾಡುತ್ತಿತ್ತು. ಇದರಲ್ಲಿ ಮೊದಲ ಮರ್ಯಾದೆ ಬರಹಗಾರನಿಗೆ; ಇದು ಇಂಥವರ ನಾಟಕ ಎಂದೇ ಪತ್ರಿಕೆಗಳೂ ಬರೆಯುತ್ತಿದ್ದವು. ನಿರ್ಮಾಪಕ ಮತ್ತು ಸ್ಕ್ರಿಪ್ಟ್ ಎಡಿಟರ್ ಸೇರಿ ಕೃತಿಯನ್ನು ಆರಿಸುತ್ತಿದ್ದರು, ಬಳಿಕ ನಿರ್ದೇಶಕನನ್ನು ಕರೆಸುತ್ತಿದ್ದರು. ಲಂಡನ್ನಿನ ಆಕ್ಟನ್‌ನಲ್ಲಿದ್ದ ತಾಲೀಮು ಕಟ್ಟಡದಲ್ಲಿ, ಗೋಡೆ ಬಾಗಿಲುಗಳ ಜಾಗವನ್ನು ಬಣ್ಣದ ಟೇಪಿನಿಂದ ನೆಲದ ಮೇಲೆ ಗುರುತು ಮಾಡಿಕೊಂಡು ವಾರಗಟ್ಟಲೆ ತಾಲೀಮು ನಡೆಯುತ್ತಿತ್ತು. ಆಮೇಲೆ ಸ್ಟುಡಿಯೋದಲ್ಲಿ ಕೆಲವೇ ದಿನ ಹಲವು ಕ್ಯಾಮೆರಾಗಳನ್ನು ಒಟ್ಟಿಗೆ ನಿಲ್ಲಿಸಿ, ಮೇಲಿನ ಗ್ಯಾಲರಿಯಿಂದ ನಿರ್ದೇಶಕರು ಹೇಳಿದಂತೆ ವಿಷನ್ ಮಿಕ್ಸರ್ ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಬದಲಾಯಿಸುತ್ತ ದಾಖಲಿಸುತ್ತಿದ್ದರು. ಕೆಲವು ನಾಟಕಗಳಿಗೆ ಮಾತ್ರ ಫಿಲ್ಮ್ ಕ್ಯಾಮೆರಾದೊಂದಿಗೆ ಹೊರಾಂಗಣಕ್ಕೆ ಹೋಗುವ ಅನುಮತಿ ಸಿಗುತ್ತಿತ್ತು, ಅದಕ್ಕಾಗಿ ನಿರ್ದೇಶಕರಲ್ಲಿ ಪೈಪೋಟಿಯೂ ಇತ್ತು.

ಈ ವ್ಯವಸ್ಥೆ ಕೊಟ್ಟ ಬಹುದೊಡ್ಡ ಅನುಕೂಲವೆಂದರೆ ನಿರಂತರ ಕೆಲಸ. ಸಿನಿಮಾ ನಿರ್ದೇಶಕನೊಬ್ಬ ಒಂದು ಚಿತ್ರಕ್ಕೆ ಹಣ ಹೊಂದಿಸುವಷ್ಟರಲ್ಲಿ ಕ್ಲಾರ್ಕ್ ಎರಡು ಮೂರು ನಾಟಕಗಳನ್ನು ಮುಗಿಸಿರುತ್ತಿದ್ದರು, ಅದರಲ್ಲೊಂದು ಸೋತರೆ ಮುಂದಿನದು ಕೈಯಲ್ಲಿರುತ್ತಿತ್ತು. ವೈವಿಧ್ಯವೂ ಅಷ್ಟೇ ದೊಡ್ಡದು. 1972ರ ‘ಟು ಎನ್‌ಕರೇಜ್ ದಿ ಅದರ್ಸ್’ 1953ರಲ್ಲಿ ಗಲ್ಲಿಗೇರಿದ ಡೆರೆಕ್ ಬೆಂಟ್ಲಿ ಎಂಬ ಹತ್ತೊಂಬತ್ತು ವರ್ಷದ ಹುಡುಗನ ಪ್ರಕರಣವನ್ನು ನ್ಯಾಯಾಲಯದ ದಾಖಲೆಗಳ ಸಮೇತ ಮತ್ತೆ ತೆರೆದಿಟ್ಟಿತು; ಆ ಶಿಕ್ಷೆಯ ತೀರ್ಪು ಕಾನೂನಿನಲ್ಲಿ ರದ್ದಾದದ್ದು 1998ರಲ್ಲಿ. 1975ರ ‘ಫನ್ನಿ ಫಾರ್ಮ್’ ಮಾನಸಿಕ ಆಸ್ಪತ್ರೆಯ ನರ್ಸ್ ಒಬ್ಬರ ಒಂದು ಪಾಳಿಯ ಕೆಲಸವನ್ನು ಅವಸರವಿಲ್ಲದೆ ಹಿಂಬಾಲಿಸುತ್ತದೆ. 1978ರಲ್ಲಿ ಅವರು ಜರ್ಮನ್ ನಾಟಕಕಾರ ಬ್ಯೂಕ್ನರ್‌ನ ಫ್ರೆಂಚ್ ಕ್ರಾಂತಿಯ ನಾಟಕವನ್ನೂ ಸ್ಟುಡಿಯೋದಲ್ಲಿ ಕಟ್ಟಿದರು.

ಈ ಅವಧಿಯ ಅತ್ಯಂತ ವಿಚಿತ್ರ ಕೃತಿ ಡೇವಿಡ್ ರಡ್ಕಿನ್ ಬರೆದ, 1974ರ ಮಾರ್ಚ್‌ನಲ್ಲಿ ಪ್ರಸಾರವಾದ ‘ಪೆಂಡಾಸ್ ಫೆನ್’. ಮಾಲ್ವರ್ನ್ ಬೆಟ್ಟಗಳ ಸೀಮೆಯ ಪಾದ್ರಿಯೊಬ್ಬರ ಮಗ ಧರ್ಮ, ದೇಶ, ಲೈಂಗಿಕತೆ ಈ ಮೂರರ ಬಗ್ಗೆಯೂ ತಾನು ನಂಬಿದ್ದೆಲ್ಲ ಕುಸಿಯುವುದನ್ನು ಕಾಣುತ್ತಾನೆ. ಸತ್ತುಹೋದ ಸಂಗೀತಗಾರ ಎಲ್ಗರ್ ಅವನೊಡನೆ ಮಾತಾಡುತ್ತಾರೆ, ದೇವದೂತರೂ ರಾಕ್ಷಸರೂ ಹೊಲಗಳ ನಡುವೆ ಪ್ರತ್ಯಕ್ಷರಾಗುತ್ತಾರೆ. ಮುಂದೆ ವಾಸ್ತವವಾದಿ ಎಂದೇ ಹೆಸರಾದ ಕ್ಲಾರ್ಕ್ ಅವರ ಕೈಯಲ್ಲಿ ಇದು ಬಂದದ್ದು ಹಲವರಿಗೆ ಒಗಟು. ನನಗೆ ಹಾಗೆನಿಸುವುದಿಲ್ಲ. ಆ ದೇವದೂತನನ್ನು ಅವರು ತೋರಿಸುವುದು ಕೂಡ ಪಕ್ಕದ ಬೇಲಿಯನ್ನು ತೋರಿಸುವಷ್ಟೇ ನೇರವಾಗಿ, ಯಾವ ಮಾಯಾಲೋಕದ ಬೆಳಕನ್ನೂ ಬಳಸದೆ. ಆದರೂ ಇದು ರಡ್ಕಿನ್ ಅವರ ಕೃತಿಯೇ. ನಿರ್ದೇಶಕರು ಇನ್ನೂ ಬರಹಗಾರರ ಹಿಂದೆ ನಿಂತಿದ್ದಾರೆ.

ಅವರ ಹೆಸರು ದಿನಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ‘ಸ್ಕಮ್’ನಿಂದ. ರಾಯ್ ಮಿಂಟನ್ ಬರೆದ, ಮಾರ್ಗರೆಟ್ ಮ್ಯಾಥೆಸನ್ ನಿರ್ಮಿಸಿದ ಈ ನಾಟಕ 1977ರಲ್ಲಿ ಸಿದ್ಧವಾಯಿತು. ಬೋರ್ಸ್ಟಲ್ ಎಂದು ಕರೆಯುತ್ತಿದ್ದ ಬಾಲಾಪರಾಧಿಗಳ ಸೆರೆಮನೆಗೆ ಬರುವ ಕಾರ್ಲಿನ್ ಎಂಬ ಹುಡುಗ ಮೊದಲು ಪೆಟ್ಟು ತಿನ್ನುತ್ತಾನೆ, ಆಮೇಲೆ ತಾನೇ ಅಲ್ಲಿನ ‘ಡ್ಯಾಡಿ’, ಅಂದರೆ ಹುಡುಗರ ಯಜಮಾನ ಆಗುತ್ತಾನೆ. ಹುಡುಗರ ದೊರೆತನವನ್ನು ಅಧಿಕಾರಿಗಳು ತಡೆಯುವುದಿರಲಿ, ತಮ್ಮ ಆಡಳಿತಕ್ಕೆ ಅನುಕೂಲವೆಂದು ಅದರ ಜತೆ ಒಪ್ಪಂದ ಮಾಡಿಕೊಳ್ಳುತ್ತಾರೆ. ಕಾರ್ಲಿನ್ ಪಾತ್ರದಲ್ಲಿ ಆಗಿನ್ನೂ ಅಪರಿಚಿತರಾಗಿದ್ದ ರೇ ವಿನ್‌ಸ್ಟನ್ ಇದ್ದರು. ಅವನು ಬಿಲಿಯರ್ಡ್ಸ್ ಚೆಂಡುಗಳನ್ನು ಕಾಲುಚೀಲಕ್ಕೆ ಹಾಕಿಕೊಂಡು ಎದುರಾಳಿಯ ಮುಖಕ್ಕೆ ಬೀಸುವ ದೃಶ್ಯವನ್ನು ನೋಡಿದವರು ಮರೆಯುವುದಿಲ್ಲ.

ಬಿಬಿಸಿಯ ಮೇಲಧಿಕಾರಿಗಳು ಅದನ್ನು ಪ್ರಸಾರ ಮಾಡಲು ಒಪ್ಪಲಿಲ್ಲ. ಬೇರೆ ಬೇರೆ ಕಡೆ, ಬೇರೆ ಬೇರೆ ಕಾಲದಲ್ಲಿ ನಡೆದಿರಬಹುದಾದ ಕ್ರೌರ್ಯಗಳನ್ನೆಲ್ಲ ಒಂದೇ ಸಂಸ್ಥೆಯ ಕೆಲವೇ ದಿನಗಳಿಗೆ ತುಂಬಲಾಗಿದೆ, ಅದೂ ನೋಡುಗರು ಸಾಕ್ಷ್ಯಚಿತ್ರವೆಂದೇ ನಂಬಿಬಿಡುವ ರೀತಿಯಲ್ಲಿ ಎಂಬುದು ಅವರ ಆಕ್ಷೇಪ. ಆ ಮಾತನ್ನು ತಿರುಗಿಸಿ ನೋಡಿದರೆ ನಿರ್ದೇಶಕನಿಗೆ ಅದಕ್ಕಿಂತ ದೊಡ್ಡ ಪ್ರಶಂಸೆ ಇಲ್ಲ. ಕ್ಲಾರ್ಕ್ ಮತ್ತು ಮಿಂಟನ್ 1979ರಲ್ಲಿ ಹೊರಗಿನ ಹಣದಿಂದ ಅದೇ ಕಥೆಯನ್ನು ವಿನ್‌ಸ್ಟನ್ ಅವರನ್ನೇ ಇಟ್ಟುಕೊಂಡು ಸಿನಿಮಾ ಮಾಡಿದರು. ಮೂಲ ಟಿವಿ ನಾಟಕ ಬಿಬಿಸಿಯಲ್ಲಿ ಕಾಣಿಸಿಕೊಂಡದ್ದು 1991ರ ಜುಲೈನಲ್ಲಿ, ಕ್ಲಾರ್ಕ್ ತೀರಿಕೊಂಡು ಒಂದು ವರ್ಷವಾದ ಮೇಲೆ. ಸಿನಿಮಾ ಹೆಚ್ಚು ಪ್ರಸಿದ್ಧವಾದರೂ ಕೃತಿಯಾಗಿ ಮೊದಲನೆಯದೇ ಉತ್ತಮ ಎಂದು ನಾನು ತಿಳಿದಿದ್ದೇನೆ. ಅದರಲ್ಲಿ ಕಾರ್ಲಿನ್ ಇನ್ನೊಬ್ಬ ಹುಡುಗನನ್ನು ತನ್ನ ಸಂಗಾತಿಯಾಗಿ ಇರಿಸಿಕೊಳ್ಳುವ ಎಳೆಯಿದೆ. ಸಿನಿಮಾದಲ್ಲಿ ಅದನ್ನು ಬಿಟ್ಟಿದ್ದರಿಂದ ಅವನು ಬರೀ ಗಟ್ಟಿಗ ನಾಯಕನಾಗಿಬಿಟ್ಟ.

ಇಲ್ಲಿ ಗಮನಿಸಬೇಕಾದುದು, ಇಷ್ಟಾದ ಮೇಲೂ ಕ್ಲಾರ್ಕ್ ಬಿಬಿಸಿಯನ್ನು ಬಿಡಲಿಲ್ಲ, ಬಿಬಿಸಿಯೂ ಅವರನ್ನು ದೂರವಿಡಲಿಲ್ಲ ಎಂಬುದು. ಇಡೀ ವೃತ್ತಿಜೀವನದಲ್ಲಿ ಚಿತ್ರಮಂದಿರಕ್ಕೆಂದು ಅವರು ಮಾಡಿದ ಚಿತ್ರಗಳು ಮೂರೇ. 1980ರ ದಶಕದ ಆರಂಭದಲ್ಲಿ ಅವರು ಹೊರಾಂಗಣದ ಫಿಲ್ಮ್ ಬಿಟ್ಟು ಮತ್ತೆ ಸ್ಟುಡಿಯೋದೊಳಗೆ ಹೊಕ್ಕು, ವೀಡಿಯೋದಲ್ಲಿಯೇ ಹಲವು ಪ್ರಯೋಗಗಳನ್ನು ನಡೆಸಿದರು. 1982ರಲ್ಲಿ ರಾಕ್ ಗಾಯಕ ಡೇವಿಡ್ ಬೋವಿಯವರನ್ನು ಮುಖ್ಯ ಪಾತ್ರದಲ್ಲಿಟ್ಟು ಬ್ರೆಕ್ಟ್‌ನ ‘ಬಾಲ್’ ನಾಟಕವನ್ನು ಮಾಡಿದಾಗ ಕ್ಯಾಮೆರಾವನ್ನು ದೂರ ನಿಲ್ಲಿಸಿ, ನಟರನ್ನು ವಿಶಾಲ ಚೌಕಟ್ಟಿನಲ್ಲಿ ಪುಟ್ಟದಾಗಿ ತೋರಿಸಿ, ದೃಶ್ಯಗಳ ನಡುವೆ ತೆರೆಯನ್ನೇ ಎರಡಾಗಿ ಸೀಳಿದರು. 1984ರ ‘ಸ್ಟಾರ್ಸ್ ಆಫ್ ದಿ ರೋಲರ್ ಸ್ಟೇಟ್ ಡಿಸ್ಕೋ’ದಲ್ಲಿ ನಿರುದ್ಯೋಗಿ ಹುಡುಗ ಹುಡುಗಿಯರು ಕೆಲಸದ ಕರೆಗಾಗಿ ಕಾಯುತ್ತ ಸ್ಕೇಟಿಂಗ್ ಅಂಗಳದಲ್ಲಿ ಸುತ್ತುತ್ತಲೇ ಇರುತ್ತಾರೆ. ಅದು ಅಷ್ಟೇನೂ ಯಶಸ್ವಿ ನಾಟಕವಲ್ಲ. ಆದರೆ ಗುರಿಯಿಲ್ಲದ ಚಲನೆಯನ್ನೇ ವಸ್ತುವಾಗಿ ತೆಗೆದುಕೊಂಡಿದ್ದರಿಂದ ಮುಂದಿನ ಕೃತಿಗಳಿಗೆ ಅದೇ ದಾರಿ ತೋರಿಸಿತು.

ಆ ದಾರಿಗೆ ಬೇಕಾದ ಸಾಧನ ಅಷ್ಟರಲ್ಲಿ ಅವರ ಕೈಗೆ ಬಂದಿತ್ತು. ಛಾಯಾಗ್ರಾಹಕ ಮೈಗೆ ಕಟ್ಟಿಕೊಂಡು ನಡೆಯುವ ಸ್ಟೆಡಿಕ್ಯಾಮ್ ಎಂಬ ಕ್ಯಾಮೆರಾ ಸಾಧನ ಅಮೆರಿಕದಲ್ಲಿ 1970ರ ದಶಕದ ನಡುವಣ ವರ್ಷಗಳಲ್ಲಿ ರೂಪುಗೊಂಡಿತ್ತು. ದೊಡ್ಡ ಸಿನಿಮಾಗಳು ಅದನ್ನು ಚಮತ್ಕಾರಿಕ ಶಾಟ್‌ಗಳಿಗೆ ಬಳಸುತ್ತಿದ್ದವು. ಟ್ರ್ಯಾಕ್ ಹಾಕುವ ಗೋಜಿಲ್ಲದೆ, ಹ್ಯಾಂಡ್‌ಹೆಲ್ಡ್‌ನ ನಡುಕವೂ ಇಲ್ಲದೆ, ಮನುಷ್ಯ ನಡೆದಷ್ಟು ದೂರ ಅವನೊಂದಿಗೆ ನಡೆಯುವ ಈ ಕ್ಯಾಮೆರಾದಲ್ಲಿ ಕ್ಲಾರ್ಕ್ ಬೇರೆಯದನ್ನೇ ಕಂಡರು. 1983ರಲ್ಲಿ ಡೇವಿಡ್ ಲೆಲ್ಯಾಂಡ್ ಬರೆದ, ಖಾಸಗಿ ಚಾನೆಲ್ ಐಟಿವಿಗೆ ಸೆಂಟ್ರಲ್ ಕಂಪನಿ ನಿರ್ಮಿಸಿದ ‘ಮೇಡ್ ಇನ್ ಬ್ರಿಟನ್’ನಲ್ಲಿ ಅದು ಮೊದಲ ಬಾರಿಗೆ ಪೂರ್ಣವಾಗಿ ಕಾಣುತ್ತದೆ. ಹಣೆಯ ನಡುವೆ ಸ್ವಸ್ತಿಕದ ಹಚ್ಚೆ ಹಾಕಿಸಿಕೊಂಡ ಟ್ರೆವರ್ ಎಂಬ ಹದಿನಾರರ ಸ್ಕಿನ್‌ಹೆಡ್ (ತಲೆ ಬೋಳಿಸಿಕೊಳ್ಳುವ ಪುಂಡರ ಪಂಗಡದ) ಹುಡುಗನಾಗಿ ಟಿಮ್ ರಾತ್ ತೆರೆಗೆ ಬಂದದ್ದು ಇದರಲ್ಲೇ. ಹುಡುಗ ನ್ಯಾಯಾಲಯದ ಹಜಾರದಲ್ಲಿ, ಉದ್ಯೋಗ ಕಚೇರಿಯಲ್ಲಿ, ಬೀದಿಯಲ್ಲಿ ಬಿರಬಿರನೆ ನಡೆಯುತ್ತಾನೆ, ಕ್ರಿಸ್ ಮೆಂಜಸ್ ಅವರ ಛಾಯಾಗ್ರಹಣ ಅವನನ್ನು ಬಿಡದೆ ಹಿಂಬಾಲಿಸುತ್ತದೆ. ನಾಟಕದ ನಡುವೆ ಮಾತ್ರ ಅವನನ್ನು ಕೋಣೆಯೊಂದರಲ್ಲಿ ಕೂಡಿಹಾಕುತ್ತಾರೆ. ಅಲ್ಲಿಗೆ ಬರುವ ಮೇಲಧಿಕಾರಿ ಸಿಟ್ಟಿಲ್ಲದೆ, ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಿಂದ ಶಾಲೆ, ನಿರುದ್ಯೋಗ, ಕಳ್ಳತನ, ಜೈಲು, ಮತ್ತೆ ನಿರುದ್ಯೋಗ ಎಂದು ಆ ಹುಡುಗನ ಇಡೀ ಬದುಕನ್ನು ಒಂದು ಸುತ್ತಿನಲ್ಲಿ ಬರೆದು ತೋರಿಸುತ್ತಾನೆ. ನಡಿಗೆಯ ಶಾಟ್‌ಗಳಿಗೆ ಒಗ್ಗಿಹೋದ ನಮಗೆ ಈ ದೀರ್ಘ ನಿಲುಗಡೆ ಉಸಿರು ಕಟ್ಟಿಸುತ್ತದೆ. ಟ್ರೆವರ್ ದಡ್ಡನಲ್ಲ, ತನ್ನ ಮುಂದಿರುವುದನ್ನು ಚೆನ್ನಾಗಿ ಓದಿಕೊಂಡೇ ಬೇಡವೆನ್ನುತ್ತಾನೆ ಎಂಬುದನ್ನು ಯಾವ ಸಂಭಾಷಣೆಯೂ ಹೇಳುವುದಿಲ್ಲ. ರಾತ್ ಅವರ ಮುಖವನ್ನು ನೋಡುತ್ತ ನಾವೇ ತಿಳಿದುಕೊಳ್ಳಬೇಕು.

ಮುಂದಿನ ಐದಾರು ವರ್ಷ ಅವರು ಈ ನಡಿಗೆಯೊಂದನ್ನೇ ಮತ್ತೆ ಮತ್ತೆ ಶೋಧಿಸಿದರು. 1985ರ ‘ಕಾಂಟ್ಯಾಕ್ಟ್’ನಲ್ಲಿ ಐರ್ಲೆಂಡಿನ ಗಡಿಯ ಹೊಲಗದ್ದೆಗಳಲ್ಲಿ ಬ್ರಿಟಿಷ್ ಸೈನಿಕರ ತುಕಡಿಯೊಂದು ನಡೆಯುತ್ತದೆ, ಕಾಯುತ್ತದೆ, ಮತ್ತೆ ನಡೆಯುತ್ತದೆ, ರಾತ್ರಿಯ ಕೆಲವು ದೃಶ್ಯಗಳನ್ನು ಕತ್ತಲಲ್ಲಿ ಕಾಣುವ ಸೇನಾ ದುರ್ಬೀನಿನ ಹಸಿರು ಬೆಳಕಿನಲ್ಲೇ ತೋರಿಸಲಾಗಿದೆ. 1987ರ ‘ಕ್ರಿಸ್ಟೀನ್’ನಲ್ಲಿ ಹದಿಹರೆಯದ ಹುಡುಗಿಯೊಬ್ಬಳು ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು, ಅಚ್ಚುಕಟ್ಟಾದ ಬಡಾವಣೆಯ ಮನೆಯಿಂದ ಮನೆಗೆ ಹೆರಾಯಿನ್ ಹಂಚುತ್ತ ನಡೆಯುತ್ತಾಳೆ. ಹಾಲು ಹಾಕಿಹೋಗುವವಳಷ್ಟೇ ನಿರುದ್ವೇಗದಿಂದ ಅವಳು ಅದನ್ನು ಮಾಡುತ್ತಾಳೆ, ಕ್ಯಾಮೆರಾವೂ ಅಷ್ಟೇ ನಿರುದ್ವೇಗದಿಂದ ನೋಡುತ್ತದೆ.

ಅದೇ ವರ್ಷದ ‘ರೋಡ್’ ನನ್ನ ಪಾಲಿಗೆ ಅವರ ಶ್ರೇಷ್ಠ ಕೃತಿ. ಜಿಮ್ ಕಾರ್ಟ್‌ರೈಟ್ ಬರೆದ ಈ ನಾಟಕ ರಂಗದ ಮೇಲೆ ಯಶಸ್ವಿಯಾಗಿತ್ತು. ಬೀದಿಯೊಂದರ ಬಡವರು ಒಂದು ರಾತ್ರಿ ಪ್ರೇಕ್ಷಕರ ಮುಂದೆ ಒಬ್ಬೊಬ್ಬರಾಗಿ ಮನಸ್ಸು ಬಿಚ್ಚುವ ರಚನೆ ಅದರದ್ದು. ಇಂಥದ್ದನ್ನು ಟಿವಿಗೆ ತರುವವರು ಸಾಮಾನ್ಯವಾಗಿ ಪಾತ್ರವನ್ನು ಕೋಣೆಯಲ್ಲಿ ಕೂರಿಸಿ ಕ್ಲೋಸಪ್‌ಗೆ ಹೋಗುತ್ತಾರೆ. ಕ್ಲಾರ್ಕ್ ಡರ್ಹಮ್ ಸೀಮೆಯ ಗಣಿ ಊರಾದ ಈಸಿಂಗ್ಟನ್‌ಗೆ ಹೋಗಿ, ಸಾಲುಮನೆಗಳ ಖಾಲಿ ಬೀದಿಗಳಿಗೆ ಪಾತ್ರಗಳನ್ನು ಇಳಿಸಿದರು. ಲೆಸ್ಲಿ ಶಾರ್ಪ್ ಅಭಿನಯಿಸಿದ ವ್ಯಾಲರಿ ಎಂಬ ಹೆಂಗಸು ಕೆಲಸವಿಲ್ಲದೆ ಮನೆಯಲ್ಲಿ ಕೂತ ಗಂಡನ ಮೇಲಿನ ಸಿಟ್ಟನ್ನೂ ಅವನ ಮೇಲಿನ ಕರುಣೆಯನ್ನೂ ಒಟ್ಟೊಟ್ಟಿಗೆ ಹೊರಹಾಕುತ್ತ ಬೀದಿಯಿಂದ ಬೀದಿಗೆ ತಿರುಗಿ ನಡೆಯುತ್ತಲೇ ಇರುತ್ತಾಳೆ. ಕ್ಯಾಮೆರಾ ಅವಳ ಮುಂದೆ ಹಿಮ್ಮುಖವಾಗಿ ಸರಿಯುತ್ತದೆ, ಕಟ್ ಇಲ್ಲ. ಅವಳು ಎಲ್ಲಿಗೂ ಹೋಗುತ್ತಿಲ್ಲ, ಯಾರಿಗೂ ಹೇಳುತ್ತಿಲ್ಲ. ನಡಿಗೆಯ ವೇಗಕ್ಕೆ ಮಾತು ಏರುತ್ತದೆ, ಏದುಸಿರಿಗೆ ತುಂಡಾಗುತ್ತದೆ. ಬರಹಗಾರರ ಒಂದು ಪದವನ್ನೂ ಅವಮಾನಿಸದೆ ನಿರ್ದೇಶಕರು ಅದನ್ನು ಪೂರ್ತಿಯಾಗಿ ತಮ್ಮದಾಗಿಸಿಕೊಂಡ ಉದಾಹರಣೆ ಬೇಕಿದ್ದರೆ ಇದನ್ನು ನೋಡಬೇಕು.

ಈಗ ನೀವು ನೋಡಿದ ‘ಎಲಿಫೆಂಟ್’ಗೆ ಬರೋಣ. 1989ರ ಜನವರಿಯಲ್ಲಿ ಪ್ರಸಾರವಾದ ಇದನ್ನು ಬಿಬಿಸಿಯ ಉತ್ತರ ಐರ್ಲೆಂಡ್ ಶಾಖೆಗಾಗಿ ನಿರ್ಮಿಸಿದವರು ಡ್ಯಾನಿ ಬಾಯ್ಲ್. ಮುಂದೆ ‘ಸ್ಲಮ್‌ಡಾಗ್ ಮಿಲಿಯನೇರ್’ ನಿರ್ದೇಶಿಸಿದ ಅದೇ ಬಾಯ್ಲ್. ಅಲ್ಲಿನ ರಾಜಕೀಯ ಹಿಂಸೆಯನ್ನು, ಮನೆಯ ನಡುಕೋಣೆಯಲ್ಲಿ ಆನೆ ನಿಂತಿದ್ದರೂ ಕಾಣದಂತೆ ಬದುಕುವುದಕ್ಕೆ ಲೇಖಕ ಬರ್ನಾರ್ಡ್ ಮ್ಯಾಕ್‌ಲ್ಯಾವರ್ಟಿ ಹೋಲಿಸಿದ್ದರಿಂದ ಈ ಹೆಸರು. ನಲವತ್ತು ನಿಮಿಷಕ್ಕೂ ಕಡಿಮೆ ಅವಧಿಯಲ್ಲಿ ಹದಿನೆಂಟು ಕೊಲೆಗಳು. ಕೊಂದವರು ಯಾರು, ಸತ್ತವರು ಯಾವ ಪಂಗಡ, ಕಾರಣವೇನು, ಒಂದನ್ನೂ ಹೇಳುವುದಿಲ್ಲ. ಒಬ್ಬ ಈಜುಕೊಳದ ಕಟ್ಟಡಕ್ಕೆ ನಡೆದುಬರುತ್ತಾನೆ, ನೆಲ ಒರೆಸುತ್ತಿದ್ದವನನ್ನು ಗುಂಡಿಟ್ಟು ಕೊಂದು ಹೊರಟುಹೋಗುತ್ತಾನೆ. ಕ್ಯಾಮೆರಾ ಅವನ ಜತೆ ಸ್ವಲ್ಪ ದೂರ ಹೋಗಿ, ಬಳಿಕ ಬಿದ್ದ ದೇಹವನ್ನು ಅಲುಗಾಡದೆ ನೋಡುತ್ತದೆ, ಸಾಕೆನಿಸಿದ ಮೇಲೂ ನೋಡುತ್ತದೆ. ಇದೇ ಕ್ರಮ ಮತ್ತೆ ಮತ್ತೆ. ನಾಲ್ಕೈದು ಕೊಲೆಗಳಾದ ಮೇಲೆ ನಡೆದುಬರುತ್ತಿರುವವನು ಕೊಲ್ಲುವವನೋ ಸಾಯುವವನೋ ಎಂದು ಊಹಿಸುವ ಕೆಟ್ಟ ಆಟ ನಮ್ಮಲ್ಲೇ ಶುರುವಾಗುತ್ತದೆ, ಅದು ಗಮನಕ್ಕೆ ಬಂದಾಗ ಮುಜುಗರವಾಗುತ್ತದೆ. ಕೊನೆಯದರಲ್ಲಿ ಖಾಲಿ ಕಾರ್ಖಾನೆಯ ಉದ್ದಕ್ಕೂ ಜತೆಯಲ್ಲಿ ನಡೆದುಬಂದ ಒಬ್ಬ ತಾನಾಗಿಯೇ ಗೋಡೆಗೆ ಮುಖ ಮಾಡಿ ನಿಲ್ಲುತ್ತಾನೆ. ಆ ಕೊನೆಯ ನಡಿಗೆಯನ್ನು ಇನ್ನೊಮ್ಮೆ ನೋಡಿ. ಅವನ ಹೆಜ್ಜೆಯಲ್ಲಿ ಹಿಂಜರಿಕೆ ಕಾಣುವುದಿಲ್ಲ.

ಇದಾದ ಮುಂದಿನ ತಿಂಗಳೇ ‘ದಿ ಫರ್ಮ್’ ಪ್ರಸಾರವಾಯಿತು. ಗ್ಯಾರಿ ಓಲ್ಡ್‌ಮನ್ ಅಭಿನಯಿಸಿದ ಬೆಕ್ಸ್ ಮನೆ ಮಾರಾಟದ ಏಜೆಂಟ್. ಒಳ್ಳೆಯ ಮನೆ, ಹೆಂಡತಿ, ಪುಟ್ಟ ಮಗು ಎಲ್ಲವೂ ಇದ್ದು ವಾರಾಂತ್ಯದಲ್ಲಿ ಫುಟ್‌ಬಾಲ್ ಪುಂಡರ ಗುಂಪು ಕಟ್ಟುತ್ತಾನೆ. ಅವನು ಮನೆಯಲ್ಲಿಟ್ಟ ಚಾಕು ಮಗುವಿನ ಬಾಯಿಗೆ ಹೋಗುವ ದೃಶ್ಯ ಬೀದಿಯ ಯಾವ ಹೊಡೆದಾಟಕ್ಕಿಂತಲೂ ಭೀಕರವಾಗಿದೆ. ಬಡತನವೇ ಹಿಂಸೆಗೆ ಕಾರಣ ಎಂಬ ವಿವರಣೆಯನ್ನು ಇದು ಒಪ್ಪುವುದಿಲ್ಲ. ಇದೇ ಅವರ ಕೊನೆಯ ಕೃತಿಯಾಯಿತು. 1990ರ ಜುಲೈ 24ರಂದು, ಐವತ್ತನಾಲ್ಕನೆಯ ವಯಸ್ಸಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಅಮೆರಿಕದ ಗಸ್ ವ್ಯಾನ್ ಸ್ಯಾಂಟ್ 2003ರಲ್ಲಿ ‘ಎಲಿಫೆಂಟ್’ ಎಂಬ ಹೆಸರನ್ನೂ, ಬೆನ್ನ ಹಿಂದೆ ನಡೆಯುವ ಕ್ಯಾಮೆರಾವನ್ನೂ ಇವರಿಂದಲೇ ಪಡೆದು ಶಾಲೆಯೊಂದರ ಹತ್ಯಾಕಾಂಡದ ಚಿತ್ರ ಮಾಡಿ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿ ಗೆದ್ದರು.

ನಿಮ್ಮ ಪ್ರಶ್ನೆಯ ಮುಖ್ಯ ಭಾಗಕ್ಕೆ ನೇರ ಉತ್ತರ ಇದು: ಅವಕಾಶ ಸಿಕ್ಕಿದ್ದು ಬಿಡಿ ನಾಟಕವೆಂಬ ಪದ್ಧತಿ ಇದ್ದುದರಿಂದ, ಮತ್ತು ಮ್ಯಾಥೆಸನ್, ಬಾಯ್ಲ್ ಅವರಂಥ ನಿರ್ಮಾಪಕರು ಮೇಲಿನವರಿಗೂ ಅವರಿಗೂ ನಡುವೆ ನಿಂತದ್ದರಿಂದ. ಬಿಡಿ ನಾಟಕಕ್ಕೆ ಮುಂದಿನ ಕಂತಿನ ಭಯವಿಲ್ಲ. ಪಾತ್ರವನ್ನು ಪ್ರೇಕ್ಷಕರು ಇಷ್ಟಪಡಲೇಬೇಕೆಂಬ ಒತ್ತಾಯವೂ ಇಲ್ಲ. ಮಾತಿಲ್ಲದ ‘ಎಲಿಫೆಂಟ್’ ದಿನನಿತ್ಯದ ಧಾರಾವಾಹಿಯ ಜಾಗದಲ್ಲಿ ಎಂದೂ ಬರಲಾರದು, ಇಂಗ್ಲೆಂಡಿನಲ್ಲೂ ಬರಲಿಲ್ಲ. ‘ಪ್ಲೇ ಫಾರ್ ಟುಡೇ’ 1984ರಲ್ಲಿ ನಿಂತ ಮೇಲೆ ಆ ಜಾಗ ಅಲ್ಲಿಯೂ ಕಿರಿದಾಗುತ್ತ ಬಂತು.

ನೋಡುವ ಕ್ರಮದ ಬಗ್ಗೆ ಒಂದು ಸಲಹೆ. ಅವರ ಬಿಬಿಸಿ ಕೃತಿಗಳಲ್ಲಿ ಉಳಿದವನ್ನು ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2016ರಲ್ಲಿ ಒಟ್ಟುಗೂಡಿಸಿ ಡಿಸ್ಕ್‌ಗಳಲ್ಲಿ ತಂದಿದೆ. ಆರಂಭದ ಕೆಲವು ನಾಟಕಗಳ ಟೇಪುಗಳು ಉಳಿದಿಲ್ಲ. ಮೊದಲು ‘ಮೇಡ್ ಇನ್ ಬ್ರಿಟನ್’, ಆಮೇಲೆ ‘ರೋಡ್’ ನೋಡಿ. ಬಳಿಕ ಹಿಂದಕ್ಕೆ ಹೋಗಿ ‘ಫನ್ನಿ ಫಾರ್ಮ್’ ನೋಡಿದರೆ, ಸ್ಟೆಡಿಕ್ಯಾಮ್ ಅವರ ಕೈಗೆ ಬರುವುದಕ್ಕೆ ಎಂಟು ವರ್ಷ ಮೊದಲೇ, ಸ್ಟುಡಿಯೋದ ಭಾರದ ಕ್ಯಾಮೆರಾಗಳ ಎದುರಲ್ಲೇ, ಆ ನರ್ಸ್‌ನನ್ನು ಹಾಸಿಗೆಯಿಂದ ಹಾಸಿಗೆಗೆ ನಡೆಸುವುದರಲ್ಲಿ ಕ್ಲಾರ್ಕ್ ಅವರ ಆಸಕ್ತಿ ಎಲ್ಲಿತ್ತು ಎಂಬುದು ನಿಮ್ಮ ಗಮನಕ್ಕೆ ಬರುತ್ತದೆ. ‘ಪೆಂಡಾಸ್ ಫೆನ್’ ಅನ್ನು ಇವುಗಳ ಜತೆ ಸೇರಿಸದೆ, ಬೇರೆಯದೇ ದಿನಕ್ಕೆ ಇಟ್ಟುಕೊಳ್ಳಿ.